ಕರುಣಾಳ ಅಪ್ಪನಿಗೆ ಹೇಳಿದವಳು

ಹೇಳಿದ್ದು ನಿನ್ನ ಅಕ್ಕ ಅಲ್ಲ, ಕರುಣಾ. ನಾನು.

ಇಷ್ಟು ಬರೆದು ಕಳಿಸಿದರೆ ಸಾಕಾಗಿತ್ತೇನೋ. ಆದರೆ ಮೂವತ್ತು ವರ್ಷಕ್ಕೂ ಮೇಲೆ ಬಾಯಿ ಮುಚ್ಚಿಕೊಂಡು ಕೂತವಳು ಒಂದು ಸಾಲು ಬರೆದು ಕೈ ತೊಳೆದುಕೊಳ್ಳುವುದು — ಅದೂ ಒಂದು ಬಗೆಯ ಕಳ್ಳತನವೇ. ಈ ಪತ್ರವನ್ನು ಸುಗುಣಕ್ಕನೂ ಓದಬೇಕು. ನಮ್ಮ ಮನೆಯಲ್ಲಿ ನಡೆದದ್ದು ಅವಳಿಗೆ ಗೊತ್ತಿಲ್ಲ. ನಿಮ್ಮ ಮನೆಯಲ್ಲೇ ನಡೆದದ್ದು ನಿನಗೆ ಗೊತ್ತಿಲ್ಲ. ಹಾಗಾಗಿ ಮೊದಲಿನಿಂದ ಹೇಳುತ್ತೇನೆ, ನಿನಗೆ ಗೊತ್ತಿರುವುದನ್ನೂ ಬಿಡದೆ. ಬೇಸರವಾದರೂ ಕೊನೆಯವರೆಗೆ ಓದು.

ಕಳೆದ ಭಾನುವಾರ ನೀನು ನ್ಯೂ ಟೌನಿನಿಂದ ಫೋನ್ ಮಾಡಿದೆ. ನಾನು ಗರಿಯಾಹಾಟ್ ಬಜಾರಿನಲ್ಲಿ ಸೊಸೆಗೆ ಸೀರೆ ನೋಡುತ್ತ ನಿಂತಿದ್ದೆ. "ಸುಗುಣಕ್ಕಗ ಗುರುವಾರ ಹಾರ್ಟಿಂದು ಆಪರೇಷನ್ ಅಂತ. ನನ್ನ ನೋಡಬೇಕಂತ ಹೇಳಿ ಕಳಿಸ್ಯಾಳ. ಹೋಗ್ಲೇನು, ವಿಮಲಾ?" ಎಂದೆ ನೀನು. ನಾನು ಏನಾದರೂ ಹೇಳುವ ಮೊದಲೇ ನೀನೇ ಅಂದೆ: "ಹೋಗ್ತೀನಿ ಖರೆ, ಅಕಿ ಒಂದು ಮಾತು ಒಪ್ಕೋಬೇಕು. ಅಪ್ಪಗ ಹೇಳಿದ್ದು ನಾನು ಅಂತ. ಅಷ್ಟ ಸಾಕು. ಮುಂದ ನಾ ಏನೂ ಕೇಳೂದಿಲ್ಲ."

"ನೋಡವಾ, ನಿನ್ನ ಮನಸು," ಎಂದು ಫೋನ್ ಇಟ್ಟೆ. ನೋಡು, ಆಗಲೂ ಹೇಳಲಿಲ್ಲ. ಅಂಗಡಿಯವನು ಇನ್ನೊಂದು ಬಂಗಾಳಿ ತಾಂತ್ ಸೀರೆ ಬಿಡಿಸಿ ಹಿಡಿದ. ನಾನು ಬಣ್ಣ ಚೆನ್ನಾಗಿಲ್ಲ ಎಂದು ಅವನ ಮೇಲೆ ರೇಗಿದೆ. ಬಣ್ಣ ಚೆನ್ನಾಗಿಯೇ ಇತ್ತು.

ಹೊಟ್ಟೆಕಿಚ್ಚು, ಕರುಣಾ. ಬೇರೆ ಯಾವ ಹೆಸರೂ ಇಲ್ಲ ಅದಕ್ಕೆ. ನಿನ್ನ ಅಂಕಗಳ ಮೇಲಲ್ಲ, ನಿನ್ನ ಮೂಗಿನ ಮೇಲೂ ಅಲ್ಲ — ನಿನ್ನ ಮೂಗು ಚೆಂದ ಎಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ. ನನ್ನ ಅಪ್ಪ ನಿನ್ನ ಜೊತೆ ಮಾತಾಡುತ್ತಿದ್ದರಲ್ಲ, ಅದರ ಮೇಲೆ.

ಈ ಬಂಗಾಳಿ ಊರಿನ ಆ ರೈಲ್ವೆ ಕ್ವಾರ್ಟರ್ಸಿನಲ್ಲಿ ಕನ್ನಡದ ಮನೆಗಳು ಎರಡೇ. ಕೆಳಗೆ ನೀವು, ಮೇಲೆ ನಾವು. ಎರಡೂ ಧಾರವಾಡದ ಕಡೆಯವು. ನಿಮ್ಮ ಅಪ್ಪ ಸಮುವೇಲಪ್ಪ ಕಾಕಾ ಸಿಗ್ನಲ್ ವಿಭಾಗದಲ್ಲಿದ್ದರು. ತಿಂಗಳಿಗೊಮ್ಮೆ ಊರಿನ ಬೇರೆ ಬೇರೆ ಮೂಲೆಗಳಿಂದ ಐದಾರು ಕ್ರೈಸ್ತ ಕುಟುಂಬಗಳು ನಿಮ್ಮ ಮನೆಗೆ ಬಂದು ಕನ್ನಡದಲ್ಲಿ ಪ್ರಾರ್ಥನೆ ಮಾಡುತ್ತಿದ್ದವು. ಆ ಹಾಡುಗಳು ನಮ್ಮ ಅಡುಗೆಮನೆಗೆ ಕೇಳಿಸುತ್ತಿದ್ದವು. ನಿಮ್ಮವ್ವ ತೀರಿಕೊಂಡು ಮೂರು ವರ್ಷವಾಗಿತ್ತು. ಸುಗುಣಕ್ಕ ಶಾಲೆಯಲ್ಲಿ ಪಾಠ ಹೇಳುತ್ತ ಮನೆ ನಡೆಸುತ್ತಿದ್ದಳು. ನೀನೂ ನಾನೂ ಎಂ.ಎ. ಇತಿಹಾಸ, ಒಂದೇ ಬೆಂಚು.

ನಿನ್ನ ಪ್ರಬಂಧಕ್ಕೆ ನೀನು ಆರಿಸಿಕೊಂಡದ್ದು ಅಮೆರಿಕದ ಮೂರನೆಯ ಅಧ್ಯಕ್ಷನನ್ನು. ಧರ್ಮ ಅನ್ನುವುದು ಮನುಷ್ಯನಿಗೂ ಅವನ ದೇವರಿಗೂ ನಡುವಿನ ಸಂಗತಿ, ಅದರಲ್ಲಿ ಸರ್ಕಾರ ಇಣುಕಬಾರದು ಎಂದು ತನ್ನ ಪ್ರಾಂತ್ಯಕ್ಕೆ ಕಾನೂನು ಬರೆದವನು. ಅವನು ಚುನಾವಣೆಗೆ ನಿಂತಾಗ ಎದುರಾಳಿಗಳು ನಾಸ್ತಿಕ, ನಾಸ್ತಿಕ ಎಂದು ಕೂಗಿದರು. ಇವನು ಗೆದ್ದರೆ ಮನೆಮನೆಯ ಬೈಬಲ್ ಕಿತ್ತುಕೊಳ್ಳುತ್ತಾನೆಂದು ಹೆದರಿ ಕೆಲವರು ಅದನ್ನು ಬಚ್ಚಿಟ್ಟರಂತೆ. ಮುದಿವಯಸ್ಸಿನಲ್ಲಿ ಅವನು ಬ್ಲೇಡು ಹಿಡಿದು ಯೇಸುವಿನ ಕಥೆಯನ್ನು ಕತ್ತರಿಸಿ, ಪವಾಡಗಳನ್ನು ಬಿಟ್ಟು, ಉಪದೇಶಗಳನ್ನಷ್ಟೇ ಅಂಟಿಸಿ ತನಗೊಂದು ಪುಸ್ತಕ ಮಾಡಿಕೊಂಡ. ಸಮಾಧಿಗೆ ಕಲ್ಲು ಮುಚ್ಚುವಲ್ಲಿಗೆ ಅದು ಮುಗಿಯುತ್ತದೆ. ಮೂರನೆಯ ದಿನ ಎದ್ದು ಬರುವುದು ಅದರಲ್ಲಿಲ್ಲ. ಅದನ್ನು ಅಚ್ಚು ಹಾಕಿಸಲಿಲ್ಲ, ಊರಿಗೆ ಸಾರಲಿಲ್ಲ. ತನ್ನ ಪಾಡಿಗೆ ತಾನು ಓದಿಕೊಂಡ. ಇದೆಲ್ಲ ನನಗೆ ಇಷ್ಟು ಚೆನ್ನಾಗಿ ಹೇಗೆ ನೆನಪಿದೆ ಅಂತೀಯಾ? ಪ್ರತಿ ಭಾನುವಾರ ಸಂಜೆ ಚಹಾ ತಂದುಕೊಡುತ್ತ ಕೇಳಿದ್ದು.

ನನ್ನ ಅಪ್ಪ ನಿನಗೆಂದೇ ಬೆತ್ತದ ಕುರ್ಚಿ ಎಳೆದಿಡುತ್ತಿದ್ದರು. "ಬಾರವಾ ಕರುಣವ್ವ, ಏನಂತಾನ ನಿನ್ನ ಅಮೆರಿಕದ ಜಮೀನ್ದಾರ?" ನೀನು ಕೂತದ್ದೇ ತಡ, ಶುರು. "ಮನುಷ್ಯಾರೆಲ್ಲಾ ಸಮಾನ ಅಂತ ಬರದಾವ, ಮನ್ಯಾಗ ನೂರಾರು ಮಂದಿ ಗುಲಾಮರನ್ನ ಇಟ್ಕೊಂಡಿದ್ನಲ್ಲ, ಅದಕ್ಕೇನಂತಿ?" ಎಂದು ಅಪ್ಪ ಕೆಣಕುತ್ತಿದ್ದರು. ನೀನು ತಲೆ ತಗ್ಗಿಸುತ್ತಿರಲಿಲ್ಲ. "ಅದು ಅವನ ಪಾಪ ರೀ ಕಾಕಾ. ಮುಚ್ಚಿಡೂದಿಲ್ಲ, ಪ್ರಬಂಧದಾಗ ಅದಕ್ಕ ಒಂದು ಅಧ್ಯಾಯ ಇಟ್ಟೀನಿ. ನಾ ಅವನ ಭಕ್ತಳಲ್ಲ." ಅಪ್ಪ ತೊಡೆ ತಟ್ಟಿಕೊಂಡು ನಗುತ್ತಿದ್ದರು. ಅಂಥ ನಗು ಅವರಿಗೆ ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನಾನು ತಂದಿಟ್ಟ ಚುರಮರಿಯನ್ನು ನೋಡದೆಯೇ ತಿನ್ನುತ್ತಿದ್ದರು. ನನ್ನ ಪ್ರಬಂಧದ ವಿಷಯ ಏನೆಂದು ಒಂದು ದಿನ — ಒಂದೇ ಒಂದು ದಿನ — ಕೇಳಲಿಲ್ಲ.

ನಾನೂ ಕೂತು ಬಾಯಿ ಹಾಕಬಹುದಿತ್ತು, ಯಾರೂ ಬೇಡವೆಂದಿರಲಿಲ್ಲ. ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ, ಅದೇ ಸಿಟ್ಟು. ಹಾಳಾದ್ದು, ತನ್ನ ಕೈಲಾಗದ್ದಕ್ಕೆ ಇನ್ನೊಬ್ಬರ ಮೇಲೆ ಬರುವ ಸಿಟ್ಟಿಗಿಂತ ದೊಡ್ಡ ಸಿಟ್ಟಿಲ್ಲ.

ಆಮೇಲೆ ಒಂದು ಭಾಷಣ ನಿಗದಿಯಾಯಿತು. ಕನ್ನಡದವರ ವಾರ್ಷಿಕ ಕೂಟದಲ್ಲಿ ನೀನು ಆ ಮನುಷ್ಯನ ಬಗ್ಗೆ ಮಾತಾಡಬೇಕೆಂದು ಅಪ್ಪನೇ ಓಡಾಡಿ ಏರ್ಪಾಡು ಮಾಡಿದರು. "ಇಂಗ್ಲಿಷಿನ್ಯಾಗ ಓದಿದ್ದು ತಲಿಗೆ ಹೋಗತದವಾ. ಅಂವ ಮಾಡಿದ್ದನ್ನ ನೀ ಕನ್ನಡದಾಗ ಒಮ್ಮೆ ಮಾಡಿ ನೋಡು," ಎಂದರು. ನಿನಗೆ ಹುಚ್ಚು ಹಿಡಿಯಿತು. ಆದರೆ ಹಾಗೆ ಕತ್ತರಿಸಿ ಅಂಟಿಸಲು ಪುಸ್ತಕ ಎರಡು ಬೇಕು — ಪುಟದ ಎರಡೂ ಮಗ್ಗುಲಲ್ಲಿ ಅಚ್ಚಿರುತ್ತದಲ್ಲ, ಈಚೆಯದನ್ನು ಅಂಟಿಸಿದರೆ ಆಚೆಯದು ಹೋಯಿತು. ಅವನೂ ಎರಡೆರಡು ತರಿಸಿಕೊಂಡಿದ್ದನಂತೆ. ನಿನ್ನ ಹತ್ತಿರ ಕನ್ನಡದ ಹೊಸ ಒಡಂಬಡಿಕೆ, ಬೈಬಲಿನಲ್ಲಿ ಯೇಸುವಿನ ಕಥೆಯಿರುವ ಭಾಗ, ಒಂದಿತ್ತು. ಕಾಲೇಜ್ ಸ್ಟ್ರೀಟಿನ ಪುಸ್ತಕದ ಅಂಗಡಿಗಳನ್ನು ಪೂರ್ತಿ ಅಲೆದೆವು. ಬಂಗಾಳಿಯದು ಸಿಕ್ಕಿತು, ಇಂಗ್ಲಿಷಿನದು ರಾಶಿ ಸಿಕ್ಕಿತು, ಕನ್ನಡದ್ದು ಎಲ್ಲಿಂದ ಬರಬೇಕು?

ಆಗ ಹೇಳಿದ್ದು ನಾನು. "ನಿಮ್ಮವ್ವಂದು ಅದನಲ್ಲ. ಟ್ರಂಕಿನ್ಯಾಗ ಸುಮ್ನ ಬಿದ್ದದ."

ಕೆಟ್ಟ ಮನಸ್ಸಿನಿಂದಲೇ ಹೇಳಿದೆನೋ, ಸಹಜವಾಗಿ ಬಂತೋ — ಎಷ್ಟೋ ವರ್ಷ ನನ್ನ ಪರವಾಗಿಯೇ ತೀರ್ಪು ಕೊಟ್ಟುಕೊಂಡಿದ್ದೇನೆ. ಈಗ ಬೇಡ. ಕೆಟ್ಟ ಮನಸ್ಸು ಇತ್ತು ಅಂತಲೇ ಬರೆಯುತ್ತೇನೆ. ನೀನು ಎರಡು ದಿನ ಯೋಚಿಸಿದೆ. "ಅವ್ವ ಇದ್ದಿದ್ರ ತಾನ ಕೊಡ್ತಿದ್ಲು," ಎಂದು ತಂದೆ. ಮೂರು ಮಧ್ಯಾಹ್ನ ನನ್ನ ಕೋಣೆಯ ನೆಲದ ಮೇಲೆ ಕೂತು ನೀನು ಕತ್ತರಿಸಿದೆ, ನಾನು ಮೈದಾಹಿಟ್ಟಿನ ಅಂಟು ಕಾಯಿಸಿ ಕೊಟ್ಟೆ. ಕುರುಡನಿಗೆ ಕಣ್ಣು ಬಂದದ್ದು, ನೀರಿನ ಮೇಲೆ ನಡೆದದ್ದು ಹಳೆಯ ಪುಸ್ತಕದಲ್ಲೇ ಉಳಿದವು. ಬೆಟ್ಟದ ಮೇಲಿನ ಉಪದೇಶ ಹೊಸ ವಹಿಗೆ ಬಂತು.

ಕೊನೆಗೆ ಆ ಪುಟ ಬಂತು, ಮೂರನೆಯ ದಿನ ಎದ್ದು ಬಂದ ಕಥೆಯದು. ನಿನಗೆ ಬೇಕಾಗಿದ್ದ, ಸಮಾಧಿಗೆ ಕಲ್ಲು ಮುಚ್ಚುವ ಸಾಲು ಅದರ ಹಿಂದಿನ ಮಗ್ಗುಲಲ್ಲೇ ಇತ್ತು. ಅಂಚಿನಲ್ಲಿ ನಿಮ್ಮವ್ವ ಕಾಯಿಲೆಯಲ್ಲಿದ್ದಾಗ ಪೆನ್ಸಿಲಿನಿಂದ ಎರಡು ಹೆಸರು ಬರೆದಿದ್ದರು — ಸುಗುಣಾ, ಕರುಣಾ. ಅಕ್ಷರ ಅಂಕುಡೊಂಕಾಗಿತ್ತು. ಸತ್ತ ಮೇಲೂ ಎಲ್ಲಿಯೋ ಒಂದು ಕಡೆ ಮಕ್ಕಳು ಸಿಗುತ್ತಾರೆ ಎಂದು ನಂಬಿ ಬರೆದುಕೊಂಡದ್ದು. ನೀನು ಬ್ಲೇಡು ಕೆಳಗಿಟ್ಟೆ. "ಇದಕ್ಕ ಕೈ ಹಚ್ಚೂದಿಲ್ಲ. ಅವನ ಪುಸ್ತಕದಾಗ ಇದು ಬ್ಯಾಡಾಗಿರಬಹುದು. ನಮ್ಮವ್ವನ ಪುಸ್ತಕದಾಗ ಇರಲಿ." ಅಷ್ಟು ಹೇಳಿ ಪುಸ್ತಕ ಮುಚ್ಚಿ, ಮನೆಗೆ ಒಯ್ದು, ನೀನೂ ಅಕ್ಕನೂ ಮಲಗುವ ಕೋಣೆಯ ಟ್ರಂಕಿನಲ್ಲಿ ಇಟ್ಟೆ.

ಅದೇ ವಾರ ನನ್ನ ಅಪ್ಪ ಬಂದವರೆದುರು ನಗುನಗುತ್ತ ಅಂದರು: "ಕರುಣಾ ನನ್ನ ಹೊಟ್ಟಿಯೊಳಗ ಹುಟ್ಟಬೇಕಾಗಿತ್ತು ನೋಡ್ರಿ." ನಾನು ಅಲ್ಲೇ ಕೂತು ಬಟಾಣಿ ಸುಲಿಯುತ್ತಿದ್ದೆ. ಯಾರೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ — ಇರಲಿ. ಅಪ್ಪ ಕೆಟ್ಟವರಲ್ಲ. ಬಾಯಿಗೆ ಬಂದದ್ದು ಅಂದರು, ಮರೆತರು.

ಮರುದಿನ ಶನಿವಾರ. ನೀನು ಲೈಬ್ರರಿಗೆ ಹೋಗಿದ್ದೆ, ಸುಗುಣಕ್ಕ ಶಾಲೆಗೆ. ಸಮುವೇಲಪ್ಪ ಕಾಕಾ ವರಾಂಡದಲ್ಲಿ ಪೇಪರ್ ಓದುತ್ತಿದ್ದರು. ಟಿಪ್ಪಣಿ ಬೇಕೆಂದು ಸುಳ್ಳು ಹೇಳಿ ನಿಮ್ಮ ಕೋಣೆಗೆ ಹೋದೆ. ಟ್ರಂಕು ತೆಗೆದೆ. ಬ್ಲೇಡು ನಾನೇ ತಂದಿದ್ದೆ.

ಆ ಪುಟವನ್ನು ಕತ್ತರಿಸಿದ್ದು ನಾನು, ಕರುಣಾ. ನಿಮ್ಮವ್ವ ಬರೆದ ಹೆಸರುಗಳ ಸಮೇತ. ನಿನ್ನ ಅಪ್ಪನಿಗೆ ಹೇಳಿದ್ದು ನಾನು ಅನ್ನುವುದಕ್ಕಿಂತ ಇದನ್ನು ಬರೆಯುವುದು ಕಷ್ಟ, ಅದಕ್ಕೇ ಇಲ್ಲಿಯವರೆಗೆ ಸುತ್ತಿ ಬಳಸಿ ಬಂದೆ. ಆ ತುಂಡನ್ನು ಚೂರು ಚೂರು ಮಾಡಿ ಚರಂಡಿಗೆ ಹಾಕಿದೆ. ಇಟ್ಟುಕೊಂಡಿದ್ದರೆ ಇವತ್ತು ನಿಮ್ಮ ಕೈಗೆ ಕೊಡಬಹುದಿತ್ತು. ಇಲ್ಲ.

ಪುಸ್ತಕ ತಂದು ಕಾಕಾರ ತೊಡೆಯ ಮೇಲೆ ಇಟ್ಟೆ. ಅವರು ಮೊದಲು ಸಿಟ್ಟಾಗಲಿಲ್ಲ, ಅದನ್ನು ನೀನು ತಿಳಿಯಬೇಕು. ಕಿಟಕಿ ಕಿಟಕಿಯಾಗಿದ್ದ ಪುಟಗಳನ್ನು ಮೆಲ್ಲಗೆ ತಿರುವಿದರು. "ಉಪದೇಶ ಎಲ್ಲಾ ತಕ್ಕೊಂಡಾಳಲ್ಲ, ಓದ್ಲಿ ಬಿಡು," ಎಂದರು. ನಿನ್ನನ್ನು ಕ್ಷಮಿಸಿಯೇಬಿಟ್ಟಿದ್ದರು. ಆಮೇಲೆ ಬೆರಳು ಆ ಜಾಗಕ್ಕೆ ಬಂತು. ಅವರಿಗೆ ಆ ಪುಟ ಎಲ್ಲಿದೆ ಎಂದು ಗೊತ್ತಿತ್ತು. ಬಹಳ ಹೊತ್ತು ಆ ತೂತಿನೊಳಗೆ ಬೆರಳಿಟ್ಟುಕೊಂಡು ಕೂತರು. "ನೀ ಯಾಕ ಇದನ್ನ ನನಗ ತೋರಸಾಕ ಬಂದಿ, ತಂಗಿ?" ಎಂದು ಕೇಳಿದರು. "ಅಕಿ ಕೆಟ್ಟು ಹೋಗಬಾರದು ಅಂತ ಕಾಕಾ," ಎಂದೆ. ಥೂ.

ನಾನು ಹೇಳಿದ್ದೆಂದು ಯಾರಿಗೂ ಹೇಳಬಾರದು, ಆಣೆ ಮಾಡಿ ಎಂದು ಕೇಳಿದೆ. "ನಾವು ಆಣಿ ಮಾಡೂದಿಲ್ಲ. ಮಾತು ಕೊಟ್ಟೆ ಅಂದ್ರ ಕೊಟ್ಟೆ," ಎಂದರು. ಸಾಯುವವರೆಗೆ ಉಳಿಸಿಕೊಂಡರು.

ಆ ಸಂಜೆ ಅವರು ನಿನಗೆ ಹೇಳಿದ್ದು ಒಂದೇ ಮಾತು — "ನಿಮ್ಮವ್ವನ್ನ ಎರಡನೇ ಸಲ ಹುಗದಿ." ಪುಸ್ತಕ ತೆರೆದು ತೋರಿಸಲಿಲ್ಲ, ನಿನ್ನೆದುರೇ ಬೀರುವಿನಲ್ಲಿಟ್ಟು ಬೀಗ ಹಾಕಿದರು. ನೀನು ಯಾವ ಪುಟದ ಮಾತು ಅದು ಎಂದು ತಿಳಿಯದೆ, ಪ್ರಬಂಧದ ಮೇಲೆ, ಓದಿನ ಮೇಲೆ, ನಿನ್ನ ಮೇಲೆಯೇ ಹೇಳಿದ ಮಾತೆಂದು ತಿಳಿದೆ. ನಿನಗೂ ಸೊಕ್ಕು ಕಡಿಮೆಯೇನಲ್ಲ. ಭಾಷಣಕ್ಕೆ ಹೋಗಲಿಲ್ಲ, ಪ್ರಬಂಧ ಒಪ್ಪಿಸಲಿಲ್ಲ, ತಿಂಗಳೊಳಗೆ ಒಂದು ಟೈಪಿಂಗ್ ಕೆಲಸ ಹಿಡಿದು ಹಾಸ್ಟೆಲ್ಲಿಗೆ ನಡೆದೆ.

ಹೋಗುವ ದಿನ ಬಸ್ ಸ್ಟಾಪಿನಲ್ಲಿ ನನ್ನ ಕೈ ಹಿಡಿದು ಕೇಳಿದೆ: "ಯಾರು ಹೇಳಿರಬೇಕು ವಿಮಲಾ?"

ನಾನು ಅಂದೆ: "ನಿಮ್ಮ ಖೋಲಿಯೊಳಗಿನ ಟ್ರಂಕು. ಹೊರಗಿನವರಿಗೆ ಹ್ಯಾಂಗ ಗೊತ್ತಾಗಬೇಕು?"

ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ಆ ಕೋಣೆಯಲ್ಲಿ ಮಲಗುತ್ತಿದ್ದವರು ಇಬ್ಬರೇ. ಸುಗುಣಕ್ಕ "ನಾ ಹೇಳಿಲ್ಲ" ಎಂದು ಹಾಸ್ಟೆಲ್ಲಿನ ಗೇಟಿಗೆ ಬಂದು ಅತ್ತಳು ಎಂದು ನೀನೇ ನನಗೆ ಹೇಳಿದೆ. "ಸುಳ್ಳು ಬೊಗಳತಾಳ," ಎಂದೆ ನೀನು. ನಾನು ಹೂಂ ಎಂದೆ.

ಇಷ್ಟೆಲ್ಲ ಮಾಡಿ ನನಗೆ ಸಿಕ್ಕಿದ್ದೇನು, ಕೇಳು. ಮುಂದಿನ ಭಾನುವಾರ ಬೆತ್ತದ ಕುರ್ಚಿಯಲ್ಲಿ ನಾನು ಕೂತೆ. ಸರ್ಕಾರಕ್ಕೂ ಧರ್ಮಕ್ಕೂ ನಡುವೆ ಗೋಡೆ ಯಾಕೆ ಬೇಕು ಎಂದು ಮಾತು ತೆಗೆದೆ. ಅಪ್ಪ ಪೂರ್ತಿ ಕೇಳಿದರು, ಪ್ರೀತಿಯಿಂದಲೇ. ಆಮೇಲೆ, "ಇವು ಕರುಣಾನ ಮಾತು. ನಿನಗೇನನಸ್ತದ, ಅದನ್ನ ಹೇಳು ಮಗಳ," ಎಂದರು. ನನಗೆ ಏನೂ ಅನ್ನಿಸುತ್ತಿರಲಿಲ್ಲ. ಎದ್ದು ಒಳಗೆ ಹೋದೆ. ನೀನು ಯಾಕೆ ಬರುತ್ತಿಲ್ಲವೆಂದು ಅವರು ಎಷ್ಟೋ ಸಲ ಕೇಳಿದರು. ತಾನೇ ಏನಾದರೂ ಅಂದು ನೋಯಿಸಿದೆನೇ ಎಂದು ಚಿಂತಿಸಿದರು. ನಾನು ಗೊತ್ತಿಲ್ಲ ಎಂದೆ. ಹಾಗೆ ಚಿಂತಿಸಿಕೊಂಡೇ ತೀರಿಹೋದರು ಅವರೂ.

ಇನ್ನೊಂದು ಉಳಿದಿದೆ. ಇದು ಎಲ್ಲಕ್ಕಿಂತ ಕೆಟ್ಟದ್ದು.

ನೀನು ಮನೆ ಬಿಟ್ಟು ವರ್ಷವಾಗಿತ್ತು. ಒಂದು ಬೆಳಿಗ್ಗೆ ನಾನು ಹಾಲು ತರಲು ಹೊರಟಾಗ ಕಾಕಾ ಮೆಟ್ಟಿಲ ಮೇಲೆ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಸೊರಗಿದ್ದರು. "ತಂಗಿ, ಕರುಣಾ ಅಕ್ಕನ ಜೋಡಿ ಮಾತು ಬಿಟ್ಟಾಳ. ಸುಗುಣಾ ದಿನಾ ಅಳತಾಳ. ನಾ ನಿನಗ ಕೊಟ್ಟ ಮಾತು ನನಗ ತಿರುಗಿ ಕೊಡ್ತೀಯೇನು?" ಎಂದರು. ಅಷ್ಟು ವಯಸ್ಸಿನ ಮನುಷ್ಯ ನನ್ನೆದುರು ಕೈ ಜೋಡಿಸಿದ್ದರು, ಕರುಣಾ. ಅವರು ಬಾಯಿಬಿಟ್ಟಿದ್ದರೆ ನಾನು ಏನು ಮಾಡುವವಳಿದ್ದೆ? ಕೇಳದೆಯೇ ಹೇಳಿಬಿಡಬಹುದಿತ್ತು. ಬೇರೆ ಯಾರಾದರೂ ಹಾಗೆ ಮಾಡುತ್ತಿದ್ದರು. ಅವರು ನನ್ನ ಅಪ್ಪಣೆ ಕೇಳಲು ಬಂದರು.

ಆಗ ನನ್ನ ಮದುವೆಯ ಮಾತು ನಡೆದಿತ್ತು. "ಇನ್ನಷ್ಟು ದಿನ ತಡೀರಿ ಕಾಕಾ," ಎಂದೆ. ಅವರು ಆಗಲಿ ಎಂದು ತಲೆಯಾಡಿಸಿ ಇಳಿದು ಹೋದರು. ಮತ್ತೆ ಕೇಳಲಿಲ್ಲ. ನಾನೂ ಹೇಳಲಿಲ್ಲ. ಆರು ವರ್ಷದ ಮೇಲೆ ಅವರನ್ನು ಮಣ್ಣು ಮಾಡುವಾಗ ಗುಂಡಿಯ ಆ ಕಡೆ ಸುಗುಣಕ್ಕ, ಈ ಕಡೆ ನೀನು. ನಾನು ನಿನ್ನ ಪಕ್ಕದಲ್ಲಿ, ನಿನ್ನ ಹೆಗಲ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ. ಎಲ್ಲರೂ ನನ್ನನ್ನು ಎಂಥ ಗೆಳತಿ ಎಂದರು.

ಮನುಷ್ಯನ ಪ್ರಾರ್ಥನೆಯಲ್ಲಿ ಸರ್ಕಾರ ಇಣುಕಬಾರದು ಎಂದು ನಿನ್ನ ಅಧ್ಯಕ್ಷ ಕಾನೂನು ಬರೆದ. ಗೆಳತಿ ಇಣುಕಬಾರದು ಎಂದು ಯಾರೂ ಬರೆಯಲಿಲ್ಲ. ಬರೆದಿದ್ದರೂ ನಾನು ಕೇಳುತ್ತಿದ್ದೆನೇ? ಅವನ ಮೇಲೆ ನಿನಗೆ ಒಂದೇ ಸಿಟ್ಟು ಇತ್ತು, ನೆನಪಿದೆಯಾ — ಸ್ವಾತಂತ್ರ್ಯದ ಬಗ್ಗೆ ಅಷ್ಟು ಚೆಂದ ಬರೆದು, ತನ್ನ ಮನೆಯ ಅನ್ಯಾಯವನ್ನು ಕೊನೆಯವರೆಗೂ ಸರಿಮಾಡಲಿಲ್ಲ ಎಂದು. ನಾನು ಚೆಂದವಾಗಿ ಏನೂ ಬರೆದವಳಲ್ಲ. ಆದರೆ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಅವನ ಪಾಠ ಮಾಡಿದೆ. ಆ ಅನ್ಯಾಯದ ಭಾಗ ಬಂದಾಗ ಜೋರು ದನಿಯಲ್ಲಿ ಮಾಡುತ್ತಿದ್ದೆ.

ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಿದರೆ, ಇಲ್ಲ. ಕಳೆದ ಭಾನುವಾರವೂ ಫೋನಿನಲ್ಲಿ ನೀನು "ನಿಮ್ಮಪ್ಪ ಕಾಕಾ ಇದ್ದಿದ್ರ ಅವರ್ನ ಕೇಳ್ತಿದ್ದೆ" ಅಂದಾಗ ಎದೆಯಲ್ಲಿ ಚುಳ್ ಎಂದಿತು. ಅರವತ್ತರ ಹತ್ತಿರದ ಮುದುಕಿ ನಾನು, ಸತ್ತ ಅಪ್ಪನಿಗಾಗಿ ಇನ್ನೂ ಜಗಳ. ನಿನ್ನ ಗಂಡ ತೀರಿಕೊಂಡಾಗ ನಿನ್ನ ಜೊತೆ ಹತ್ತು ದಿನ ಇದ್ದೆ. ನಿನಗೆ ಅಕ್ಕ ಇಲ್ಲವಾದ್ದರಿಂದ ನಾನಿದ್ದೇನೆ ಎಂದು ಒಳಗೊಳಗೇ ಹಿಗ್ಗಿದ್ದೆ. ನಿನಗೆ ಅಕ್ಕ ಇದ್ದಳು. ಜಾಗ ಖಾಲಿ ಮಾಡಿಸಿ ಕೂತವಳು ನಾನು.

ಕ್ಷಮಿಸು ಎಂದು ಇದರಲ್ಲಿ ಎಲ್ಲಿಯೂ ಬರೆದಿಲ್ಲ, ಬರೆಯುವುದೂ ಇಲ್ಲ. ಕೇಳಿದರೆ ನೀನು ನನ್ನ ಬಗ್ಗೆ ಯೋಚಿಸುತ್ತ ಕೂರುತ್ತೀ. ಸಮಯ ಇಲ್ಲ. ಇವತ್ತು ಮಂಗಳವಾರ. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ, ನಾನೇ ತರುತ್ತಿದ್ದೇನೆ. ನೀನು ಓದಿ ಮುಗಿಸುವವರೆಗೆ ಕೆಳಗೆ ಕ್ಯಾಬ್ ಹತ್ತಿರ ನಿಂತಿರುತ್ತೇನೆ. ಅದರಲ್ಲೇ ನೀನು ಆಸ್ಪತ್ರೆಗೆ ಹೋಗು. ನಾನು ಜೊತೆಗೆ ಬರಬೇಕೆಂದರೆ ಬರುತ್ತೇನೆ, ಸುಗುಣಕ್ಕನ ಎದುರು ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಬೇಡವೆಂದರೆ ಪತ್ರ ಒಯ್ಯಿ. ನನ್ನ ಮುಖ ನೋಡದೆಯೇ ಹತ್ತಿ ಕೂರಬಹುದು.

ಒಂದು ಮಾತು ಒಪ್ಪಿಕೊಂಡರೆ ಹೋಗುತ್ತೇನೆ ಎಂದೆಯಲ್ಲ. ಅವಳು ಒಪ್ಪಿಕೊಳ್ಳುವುದಿಲ್ಲ, ಕರುಣಾ. ಅವಳು ಏನೂ ಮಾಡಿಲ್ಲ.